ದಕ್ಷಿಣ ಆಕಾಶದ ಹಾಜರಿ ಬರೆದ ಉಪಾಧ್ಯಾಯರು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡರು. ಬಸವಣ್ಣನವರು, ಸರ್ ಎಂ. ವಿಶ್ವೇಶ್ವರಯ್ಯನವರು, ಮಹಾತ್ಮಾ ಗಾಂಧೀಜಿಯವರು ಮುಂತಾದವರ ಚರಿತ್ರೆಗಳು ನಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪಾಠವಾಗಿ ಬಂದಂಥವು. ಅವನ್ನೇ ಮತ್ತೊಮ್ಮೆ ಬರೆಯುವುದಕ್ಕಿಂತ, ಖಗೋಳ ವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಹೆಸರಾಗಿದ್ದರೂ ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬಾರದ ಒಬ್ಬರನ್ನು ಪರಿಚಯಿಸುವುದು ಉಚಿತವೆಂದು ನನಗೆ ತೋರಿತು. ಅವರು ವೃತ್ತಿಯಿಂದ ಉಪಾಧ್ಯಾಯರು. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ನನಗೆ ಆ ಒಂದು ಕಾರಣವೇ ಸಾಕಾಗಿತ್ತು. ಅವರ ಹೆಸರು ನಿಕೋಲಾ ಲೂಯಿ ದ ಲಕಾಯ್. ಹುಟ್ಟಿದ್ದು 1713ರಲ್ಲಿ, ಫ್ರಾನ್ಸ್ ದೇಶದಲ್ಲಿ, ತೀರಿಕೊಂಡದ್ದು 1762ರಲ್ಲಿ.

ಫ್ರಾನ್ಸಿನ ಉಪಾಧ್ಯಾಯರಿಗೂ ನಮ್ಮ ಮ್ಹಾಪಸೆಗೂ ಏನು ನಂಟು ಎಂದು ಓದುಗರು ಕೇಳಬಹುದು. ನಮ್ಮ ಬಾರ್ದೇಶ ತಾಲ್ಲೂಕಿನ ಕಡಲ ತೀರದಲ್ಲಿ ಆಗ್ವಾದ ಕೋಟೆಯಿದೆ. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡದ ಹಳೆಯ ವಿದ್ಯಾರ್ಥಿಗಳು ವಿರಳ. ಪೋರ್ಚುಗೀಸರ ಭಾಷೆಯಲ್ಲಿ ಆ ಹೆಸರು ನೀರಿಗೆ ಸಂಬಂಧಪಟ್ಟದ್ದು. ಲಿಸ್ಬನ್ ನಗರದಿಂದ ಹೊರಟ ಹಡಗುಗಳು ಆಫ್ರಿಕ ಖಂಡದ ತುದಿಯಲ್ಲಿರುವ ಗುಡ್‌ಹೋಪ್ ಭೂಶಿರವನ್ನು ಬಳಸಿಕೊಂಡು, ತಿಂಗಳುಗಟ್ಟಲೆ ಕಡಲ ಮೇಲಿದ್ದು, ಇಲ್ಲಿಗೆ ಬಂದು ಸಿಹಿನೀರು ತುಂಬಿಕೊಳ್ಳುತ್ತಿದ್ದವು. ಅಂಥ ಹಡಗುಗಳಿಗೆ ರಾತ್ರಿಯ ಹೊತ್ತು ದಾರಿ ತೋರುತ್ತಿದ್ದುದು ನಕ್ಷತ್ರಗಳು. ಆದರೆ ಭೂಮಧ್ಯರೇಖೆಯನ್ನು ದಾಟಿದ ಕೂಡಲೇ ಧ್ರುವ ನಕ್ಷತ್ರ ಮುಳುಗಿಹೋಗುತ್ತದೆ. ಯುರೋಪಿನಲ್ಲಿ ಎಂದೂ ಉದಯಿಸದ ನಕ್ಷತ್ರಗಳು ತಲೆಯ ಮೇಲೆ ಬರುತ್ತವೆ. ಆ ದಕ್ಷಿಣದ ನಕ್ಷತ್ರಗಳಿಗೆ ದೂರದರ್ಶಕದಿಂದ ಅಳೆದ ಪಟ್ಟಿಯೆಂದರೆ, ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿಯವರು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಕುಳಿತು ಸಿದ್ಧಪಡಿಸಿದ 341 ನಕ್ಷತ್ರಗಳ ಪಟ್ಟಿ ಮಾತ್ರ. ಉಳಿದ ಆಕಾಶವನ್ನು ಒಂದೇ ವರ್ಷದಲ್ಲಿ ಒಬ್ಬರೇ ಅಳೆದು ಬರೆದವರು ಲಕಾಯ್. ಹಾಗೆ ಬರೆಯುವಾಗ, ತಾವು ಕಂಡದ್ದೇನೆಂದು ತಮಗೂ ಗೊತ್ತಾಗದ, ಆ ಕಾಲದಲ್ಲಿ ಯಾರಿಗೂ ಗೊತ್ತಾಗಲು ಸಾಧ್ಯವಿಲ್ಲದ ಒಂದು ವಸ್ತುವನ್ನೂ ಅವರು ದಾಖಲೆ ಮಾಡಿದರು. ಅದೇ ಈ ಲೇಖನದ ಮುಖ್ಯ ವಿಷಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲಕಾಯ್ ಅವರು ಹುಟ್ಟಿದ್ದು ಫ್ರಾನ್ಸಿನ ಉತ್ತರ ಭಾಗದ ರುಮಿನ್ಯಿ ಎಂಬ ಸಣ್ಣ ಊರಿನಲ್ಲಿ. ತಂದೆ ಸೈನ್ಯದಲ್ಲಿದ್ದು, ಅನಂತರ ಶ್ರೀಮಂತ ಮನೆತನವೊಂದರ ಆಶ್ರಯದಲ್ಲಿ ಜೀವಿಸಿದವರು. ಮಗನ ವಿದ್ಯಾಭ್ಯಾಸದಲ್ಲಿ ಅವರಿಗೆ ಅಕ್ಕರೆಯಿತ್ತು. ಹುಡುಗನನ್ನು ಪ್ಯಾರಿಸ್ ನಗರಕ್ಕೆ ಓದಲು ಕಳುಹಿಸಿದರು. ಆದರೆ ಮಗ ಇನ್ನೂ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಬಿಟ್ಟುಹೋದ ಆಸ್ತಿ ಏನೂ ಇರಲಿಲ್ಲ. ತಂದೆಗೆ ಆಶ್ರಯ ಕೊಟ್ಟಿದ್ದ ಬೂರ್ಬನ್ ಡ್ಯೂಕರ ನೆರವಿನಿಂದ ಓದು ಮುಂದುವರಿಯಿತು. ಅಂದಿನ ಬಡ ಹುಡುಗರಿಗೆ ತೆರೆದಿದ್ದ ದಾರಿ ಚರ್ಚಿನದು. ಲಕಾಯ್ ಅವರೂ ದೇವತಾಶಾಸ್ತ್ರವನ್ನು ಓದಿ, ಪಾದ್ರಿಯಾಗುವುದಕ್ಕೆ ಒಂದು ಮೆಟ್ಟಿಲು ಕೆಳಗಿನ ದೀಕ್ಷೆಯನ್ನು ಪಡೆದರು. ಆದ್ದರಿಂದಲೇ ಜೀವನದುದ್ದಕ್ಕೂ ಅವರನ್ನು ಜನರು ಅಬ್ಬೆ ಲಕಾಯ್ ಎಂದು ಗೌರವದಿಂದ ಕರೆದರು. ಆದರೆ ಮನಸ್ಸು ಗಣಿತದ ಕಡೆಗೂ ಆಕಾಶದ ಕಡೆಗೂ ಎಳೆಯುತ್ತಿತ್ತು.

1737ರಲ್ಲಿ ಅವರ ಪರಿಚಯ ಪ್ಯಾರಿಸ್ ವೀಕ್ಷಣಾಲಯದ ಮುಖ್ಯಸ್ಥರಾದ ಜಾಕ್ ಕಸೀನಿಯವರಿಗೆ ಆಯಿತು. ತರುಣನ ಯೋಗ್ಯತೆಯನ್ನು ಕಂಡ ಕಸೀನಿಯವರು ವೀಕ್ಷಣಾಲಯದಲ್ಲಿಯೇ ಇರಲು ಸ್ಥಳ ಕೊಟ್ಟರು. ಮರು ವರ್ಷವೇ ಫ್ರಾನ್ಸಿನ ಪಶ್ಚಿಮ ಕರಾವಳಿಯನ್ನು ಅಳೆಯುವ ಕೆಲಸ ಬಂದಿತು. ಅದನ್ನು ಚೆನ್ನಾಗಿ ಮಾಡಿದ್ದರಿಂದ, ದೇಶದ ಉತ್ತರದ ಡಂಕರ್ಕಿನಿಂದ ದಕ್ಷಿಣದ ಪೆರ್ಪಿನ್ಯಾನಿನವರೆಗೆ ಭೂಮಿಯನ್ನು ಅಳೆಯುವ ದೊಡ್ಡ ಕಾರ್ಯದಲ್ಲಿಯೂ ಅವರಿಗೆ ಪಾಲು ದೊರೆಯಿತು.

ಆ ಅಳತೆಯ ಹಿಂದೆ ಒಂದು ದೊಡ್ಡ ವಿವಾದವಿತ್ತು. ಭೂಮಿಯು ಕಿತ್ತಳೆ ಹಣ್ಣಿನಂತೆ ಧ್ರುವಗಳಲ್ಲಿ ಚಪ್ಪಟೆಯಾಗಿದೆಯೆಂದು ನ್ಯೂಟನ್ನರು ಲೆಕ್ಕ ಹಾಕಿದ್ದರು. ನಿಂಬೆಹಣ್ಣಿನಂತೆ ತುದಿಗಳಲ್ಲಿ ನೀಳವಾಗಿದೆಯೆಂದು ಕಸೀನಿ ಮನೆತನದವರು ತಮ್ಮ ಹಳೆಯ ಅಳತೆಗಳಿಂದ ಹೇಳಿದ್ದರು. 1739 ಮತ್ತು 1740ರಲ್ಲಿ ಲಕಾಯ್ ಅವರೂ, ಅದೇ ಮನೆತನದ ಕಿರಿಯ ಕಸೀನಿಯವರೂ ಕೂಡಿ ಹಳೆಯ ಅಳತೆಯನ್ನು ಮೊದಲಿನಿಂದ ಪರೀಕ್ಷಿಸಿದರು. ಹಳೆಯದರಲ್ಲಿ ತಪ್ಪಿತ್ತು, ನ್ಯೂಟನ್ನರ ಮಾತೇ ನಿಜವಾಗಿತ್ತು. ಅನ್ನ ಮತ್ತು ಆಸರೆ ಕೊಟ್ಟ ಮನೆಯವರ ಅಭಿಪ್ರಾಯಕ್ಕೆ ವಿರುದ್ಧವಾದ ಫಲಿತಾಂಶ ಅದು. ಲಕಾಯ್ ಅವರು ಅದನ್ನು ಮರೆಮಾಚಲಿಲ್ಲ. ಕಸೀನಿ ಮನೆತನದವರೂ ಕೊನೆಗೆ ಅದನ್ನು ಒಪ್ಪಿಕೊಂಡರು. ಎರಡೂ ಕಡೆಯವರ ದೊಡ್ಡತನಕ್ಕೆ ಇದೊಂದು ನಿದರ್ಶನ.

ಗಣಿತದ ಮಾಸ್ತರರು

1739ರಲ್ಲಿಯೇ ಅವರನ್ನು ಪ್ಯಾರಿಸಿನ ಮಜರಾನ್ ಕಾಲೇಜಿಗೆ ಗಣಿತದ ಅಧ್ಯಾಪಕರನ್ನಾಗಿ ನೇಮಿಸಲಾಯಿತು. ಆಗ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು. 1741ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು. ಕಾಲೇಜಿನ ಕಟ್ಟಡದ ಮೇಲೆ ಸಣ್ಣದೊಂದು ವೀಕ್ಷಣಾಲಯವನ್ನು ಮಾಡಿಕೊಂಡರು. ಹಗಲು ಪಾಠ, ರಾತ್ರಿ ಆಕಾಶ, ನಡುವಿನ ವೇಳೆಯಲ್ಲಿ ಲೆಕ್ಕಾಚಾರ ಮತ್ತು ಪಠ್ಯಪುಸ್ತಕ ರಚನೆ. ಗಣಿತ, ಯಂತ್ರಶಾಸ್ತ್ರ, ಖಗೋಳ, ದೃಗ್ವಿಜ್ಞಾನ ಈ ನಾಲ್ಕು ವಿಷಯಗಳ ಮೇಲೆ 1741ರಿಂದ 1750ರೊಳಗೆ ಅವರು ಬರೆದ ಪಠ್ಯಗಳು ಅನೇಕ ಮುದ್ರಣಗಳನ್ನು ಕಂಡವು, ಬೇರೆ ಭಾಷೆಗಳಿಗೂ ಹೋದವು.

ಉಪಾಧ್ಯಾಯನ ಆಸ್ತಿ ಎಂದರೆ ಶಿಷ್ಯರು. ಲಕಾಯ್ ಅವರ ಪಾಠವನ್ನು ಕೇಳಿದವರಲ್ಲಿ ಅಂತ್ವಾನ್ ಲವಾಸಿಯೇ ಒಬ್ಬರು. ಉರಿಯುವಿಕೆಯಲ್ಲಿ ಆಮ್ಲಜನಕದ ಪಾತ್ರವೇನೆಂದು ತೋರಿಸಿ, ರಸಾಯನ ಶಾಸ್ತ್ರಕ್ಕೆ ತಕ್ಕಡಿಯ ಶಿಸ್ತನ್ನು ತಂದುಕೊಟ್ಟ ಲವಾಸಿಯೇ ಅವರ ಹೆಸರನ್ನು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲರು. ಇನ್ನೊಬ್ಬ ಶಿಷ್ಯರು ಜಾನ್ ಸಿಲ್ವಾನ್ ಬೈಯಿ. ಇವರು ಮುಂದೆ ಪ್ಯಾರಿಸಿನ ಮೊದಲ ಮೇಯರ್ ಆದರು. ನಮ್ಮ ದೇಶದ ಪ್ರಾಚೀನ ಜ್ಯೋತಿಶ್ಶಾಸ್ತ್ರದ ಬಗ್ಗೆ 1787ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ ಬೈಯಿಯವರನ್ನೂ 1794ರಲ್ಲಿ ಲವಾಸಿಯೇ ಅವರನ್ನೂ ಕೊಲ್ಲಲಾಯಿತು. ಗುರುಗಳು ಅದನ್ನು ನೋಡಲು ಉಳಿದಿರಲಿಲ್ಲ.

ಭೂಶಿರದಲ್ಲಿ ಒಂದು ವರ್ಷ

ದಕ್ಷಿಣದ ಆಕಾಶವನ್ನು ಅಳೆಯಲು ಗುಡ್‌ಹೋಪ್ ಭೂಶಿರಕ್ಕೆ ಹೋಗಬೇಕೆಂಬ ಯೋಜನೆಯನ್ನು ಅಕಾಡೆಮಿಯ ಮುಂದಿಟ್ಟವರು ಲಕಾಯ್ ಅವರೇ. 1750ರ ನವೆಂಬರಿನಲ್ಲಿ ಅವರು ಲೋರಿಯಾನ್ ಬಂದರಿನಿಂದ ಹೊರಟರು. ಹಡಗಿನ ಹೆಸರು ಗ್ಲೋರಿಯೂ. ಅದರ ಕಪ್ತಾನರು ಹಿಂದೂ ಮಹಾಸಾಗರದ ನಕಾಶೆಗಳಿಗೆ ಹೆಸರಾಗಿದ್ದ ದಾಪ್ರೆ ದ ಮಾನ್‌ವಿಲೆತ್ ಅವರು. ಹಡಗು ಮೊದಲು ಬ್ರೆಜಿಲಿನ ರಿಯೊ ಡಿ ಜನೈರೊಗೆ ಹೋಗಿ, ಅಲ್ಲಿಂದ 1751ರ ಏಪ್ರಿಲ್ ತಿಂಗಳಲ್ಲಿ ಕೇಪ್‌ಟೌನಿಗೆ ಬಂದಿತು. ಆಗ ಆ ಊರು ಡಚ್ಚರ ಕೈಯಲ್ಲಿತ್ತು. ಗವರ್ನರ್ ರೈಕ್ ಟುಲ್‌ಬಾಗ್ ಅವರು ಪರದೇಶದ ಈ ಪಂಡಿತರನ್ನು ಆದರದಿಂದ ಬರಮಾಡಿಕೊಂಡು, ಅವರು ಇಳಿದುಕೊಂಡಿದ್ದ ಮನೆಯ ಹಿತ್ತಲಿನಲ್ಲಿ ಚಿಕ್ಕದೊಂದು ವೀಕ್ಷಣಾಲಯವನ್ನು ಕಟ್ಟಿಸಿಕೊಟ್ಟರು.

ಅಲ್ಲಿ ಅವರ ಬಳಿಯಿದ್ದ ಸಾಧನ ಎಂಥದು ಎಂಬುದನ್ನು ನಮ್ಮ ಮಕ್ಕಳು ವಿಶೇಷವಾಗಿ ಗಮನಿಸಬೇಕು. ಅದರ ಮುಂದಿನ ಗಾಜಿನ ಅಗಲ ಕೇವಲ ಅರ್ಧ ಅಂಗುಲ, ಅಂದರೆ ನಮ್ಮ ಕಿರುಬೆರಳಿನ ಉಗುರಿಗಿಂತ ತುಸು ಅಗಲ. ಅದು ವಸ್ತುಗಳನ್ನು ಎಂಟು ಪಟ್ಟು ಮಾತ್ರ ಹಿಗ್ಗಿಸಿ ತೋರಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಸಾಧಾರಣ ಬೈನಾಕ್ಯುಲರಿನ ಗಾಜು ಅದಕ್ಕಿಂತ ಮೂರು ನಾಲ್ಕು ಪಟ್ಟು ಅಗಲವಾಗಿರುತ್ತದೆ.

ಇಷ್ಟು ಚಿಕ್ಕ ಸಾಧನವನ್ನು ದೊಡ್ಡದು ಮಾಡಿದ್ದು ಅವರ ಕ್ರಮ. ಕಾಲುವೃತ್ತದ ಆಕಾರದ ಕೋನಮಾಪಕಕ್ಕೆ ಆ ನಳಿಗೆಯನ್ನು ಬಿಗಿದು, ದಕ್ಷಿಣೋತ್ತರ ರೇಖೆಯ ಮೇಲೆ ಒಂದು ಎತ್ತರಕ್ಕೆ ನಿಲ್ಲಿಸುತ್ತಿದ್ದರು. ಆ ರಾತ್ರಿ ಮತ್ತೆ ಅದನ್ನು ಕದಲಿಸುತ್ತಿರಲಿಲ್ಲ. ಭೂಮಿ ತಿರುಗಿದಂತೆ ನಕ್ಷತ್ರಗಳೇ ಒಂದೊಂದಾಗಿ ನಳಿಗೆಯ ಮುಂದೆ ಹಾದುಹೋಗುತ್ತಿದ್ದವು. ನಳಿಗೆಯೊಳಗೆ ವಜ್ರಾಕಾರದ ಒಂದು ಚೌಕಟ್ಟನ್ನು ಅಳವಡಿಸಿದ್ದರು. ನಕ್ಷತ್ರವು ಚೌಕಟ್ಟಿನ ಒಂದು ಅಂಚನ್ನು ಹೊಕ್ಕ ಗಳಿಗೆ ಮತ್ತು ಇನ್ನೊಂದು ಅಂಚಿನಿಂದ ಹೊರಟ ಗಳಿಗೆ, ಈ ಎರಡನ್ನು ಗಡಿಯಾರ ನೋಡಿ ಬರೆದುಕೊಂಡರೆ ನಕ್ಷತ್ರದ ಸ್ಥಾನವನ್ನು ಲೆಕ್ಕದಿಂದ ಪಡೆಯಬಹುದಾಗಿತ್ತು. ಮರುದಿನ ನಳಿಗೆಯನ್ನು ಸ್ವಲ್ಪ ಸರಿಸಿ ಆಕಾಶದ ಮುಂದಿನ ಪಟ್ಟಿ. ಹೊಲವನ್ನು ಸಾಲುಸಾಲಾಗಿ ಉಳುವ ರೈತನಂತೆ ಇಡೀ ದಕ್ಷಿಣದ ಆಕಾಶವನ್ನು ಅವರು ಹೀಗೆ ಉತ್ತರು.

1751ರ ಆಗಸ್ಟಿನಿಂದ 1752ರ ಜುಲೈವರೆಗೆ, ದಿನಕ್ಕೆ ಎಂಟು ಗಂಟೆಗಳಂತೆ 110 ಬಾರಿ, ಅಲ್ಲದೆ 16 ರಾತ್ರಿಗಳು ಸಂಪೂರ್ಣ ಎಚ್ಚರದಿಂದಿದ್ದು ಅವರು ಬರೆದ ನಕ್ಷತ್ರಗಳ ಸಂಖ್ಯೆ 9,700ಕ್ಕೂ ಹೆಚ್ಚು.

ಇದರೊಡನೆ ಚಂದ್ರನ ದೂರವನ್ನು ಅಳೆಯುವ ಕೆಲಸವನ್ನೂ ಕೈಗೊಂಡಿದ್ದರು. ತೋರುಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಆಚೀಚೆ ಸರಿದಂತೆ ಕಾಣುವುದಷ್ಟೆ. ಆ ಸರಿತದಿಂದ ಬೆರಳಿನ ದೂರವನ್ನು ಲೆಕ್ಕ ಹಾಕಬಹುದು. ಚಂದ್ರನಿಗೆ ಇದನ್ನು ಅನ್ವಯಿಸಲು ಎರಡು ಕಣ್ಣುಗಳು ಬಹು ದೂರದಲ್ಲಿರಬೇಕು. ಒಂದು ಕಣ್ಣು ಕೇಪ್‌ಟೌನಿನ ಲಕಾಯ್. ಇನ್ನೊಂದು ಕಣ್ಣು, ಸುಮಾರು ಅದೇ ರೇಖಾಂಶದ ಉತ್ತರದಲ್ಲಿರುವ ಬರ್ಲಿನ್ ನಗರಕ್ಕೆ ಕಳುಹಿಸಲ್ಪಟ್ಟ ಹತ್ತೊಂಬತ್ತರ ತರುಣ ಜೆರೋಮ್ ಲಾಲಾಂಡ್. ಇಬ್ಬರ ಅಳತೆಗಳನ್ನು ಕೂಡಿಸಿ ಚಂದ್ರನ ದೂರವನ್ನು ಅಲ್ಲಿಯವರೆಗೆ ಯಾರೂ ಕಾಣದಷ್ಟು ನಿಖರವಾಗಿ ಕಂಡುಹಿಡಿಯಲಾಯಿತು.

1752ರ ಫೆಬ್ರುವರಿ 23

ನಕ್ಷತ್ರಗಳನ್ನು ಬರೆಯುತ್ತ ಹೋದಂತೆ ನಳಿಗೆಯಲ್ಲಿ ಆಗಾಗ ನಕ್ಷತ್ರವಲ್ಲದ ಮಸುಕು ಚುಕ್ಕೆಗಳೂ ಬರುತ್ತಿದ್ದವು. ಹತ್ತಿಯ ಎಳೆಯಂತೆ, ಉಗುರಿನಿಂದ ಗೀಚಿದ ಸುಣ್ಣದಂತೆ ಬೆಳ್ಳಗಿನ ಕಲೆಗಳು. ಇವೇನೆಂದು ಆ ಕಾಲದಲ್ಲಿ ಯಾರಿಗೂ ನಿಶ್ಚಯವಿರಲಿಲ್ಲ. ನೀಹಾರಿಕೆ ಎಂಬ ಒಂದೇ ಹೆಸರಿನಿಂದ ಎಲ್ಲವನ್ನೂ ಕರೆಯುತ್ತಿದ್ದರು. ಲಕಾಯ್ ಅವರು ಊಹಾಪೋಹಕ್ಕೆ ಹೋಗದೆ ಅಂಥ 42 ಮಸುಕುಗಳನ್ನು ಹದಿನಾಲ್ಕರಂತೆ ಮೂರು ವರ್ಗಗಳಾಗಿ ವಿಂಗಡಿಸಿದರು. ನಕ್ಷತ್ರಗಳೇ ಕಾಣದ ಮಸುಕು ಒಂದು ವರ್ಗ, ಒತ್ತಾಗಿ ನೆರೆದ ನಕ್ಷತ್ರಗಳ ಗುಂಪು ಎರಡನೆಯದು, ಮಸುಕಿನಿಂದ ಸುತ್ತುವರಿದ ನಕ್ಷತ್ರಗಳು ಮೂರನೆಯದು.

ಮೊದಲನೆಯ ವರ್ಗದ ಆರನೆಯದು 1752ರ ಫೆಬ್ರುವರಿ 23ರಂದು ಕಂಡದ್ದು. ಆ ಕಾಲದಲ್ಲಿ ಆಕಾಶದ ಆ ಭಾಗವು ದಕ್ಷಿಣೋತ್ತರ ರೇಖೆಗೆ ಬರುವುದು ರಾತ್ರಿ ಮೂರು ಗಂಟೆ ದಾಟಿದ ಮೇಲೆ. ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಅಜಗರ ಎಂಬ ನಕ್ಷತ್ರಪುಂಜದ ಬಾಲದ ಕಡೆ, ಕಿನ್ನರ ಪುಂಜದ ಗಡಿಯಲ್ಲಿ, ರೂಪವಿಲ್ಲದ ಒಂದು ಸಣ್ಣ ಮಸುಕು ನಳಿಗೆಯನ್ನು ಹಾದುಹೋಯಿತು. ಲಕಾಯ್ ಅವರು ಅದರ ಸ್ಥಾನವನ್ನು ಬರೆದುಕೊಂಡರು. ಮುಂದಿನ ನಕ್ಷತ್ರಕ್ಕೆ ಹೋದರು.

ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವರಿಗೆ ಇದು ತಿಳಿದ ಕೆಲಸ. ಹೊಸದಾಗಿ ಬಂದ ಮಗು ಮುಂದೆ ಏನಾಗುವುದೆಂದು ಮಾಸ್ತರರಿಗೆ ಗೊತ್ತಿರುವುದಿಲ್ಲ. ಹೆಸರು ಬರೆಯುವುದು, ಸರಿಯಾಗಿ ಬರೆಯುವುದು, ಯಾರನ್ನೂ ಬಿಡದಿರುವುದು, ಇಷ್ಟೇ ಅವರ ಕೈಯಲ್ಲಿರುವುದು.

ಓಳಂಬವನ್ನು ಎಳೆದ ಬೆಟ್ಟ

ನಕ್ಷತ್ರಗಳ ಕೆಲಸ ಮುಗಿದ ಮೇಲೆ ವಿಶ್ರಾಂತಿ ಪಡೆಯದೆ, 1752ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ಲಕಾಯ್ ಅವರು ಕೇಪ್‌ಟೌನಿನಿಂದ ಉತ್ತರಕ್ಕೆ ಭೂಮಿಯನ್ನು ಅಳೆದರು. ಭೂಮಿಯ ದಕ್ಷಿಣಾರ್ಧವೂ ಉತ್ತರಾರ್ಧದಂತೆಯೇ ಇದೆಯೇ ಎಂದು ತಿಳಿಯುವುದು ಉದ್ದೇಶ. ಬಂದ ಉತ್ತರ ವಿಚಿತ್ರವಾಗಿತ್ತು. ದಕ್ಷಿಣಾರ್ಧವು ಧ್ರುವದ ಕಡೆಗೆ ಚಪ್ಪಟೆಯಾಗುವ ಬದಲು ನೀಳವಾಗಿದೆ ಎಂಬಂತೆ ಅಳತೆ ಹೇಳಿತು. ಲೆಕ್ಕವನ್ನು ಮತ್ತೆ ಪರಿಶೀಲಿಸಿದರು, ತಪ್ಪು ಸಿಗಲಿಲ್ಲ. ತಮಗೇ ನಂಬಲು ಕಷ್ಟವಾದ ಆ ಫಲಿತಾಂಶವನ್ನು ತಿದ್ದಿ ಸರಿಮಾಡದೆ ಇದ್ದಂತೆಯೇ ಪ್ರಕಟಿಸಿದರು.

ಈ ಒಗಟು ಬಿಡಿಸಲ್ಪಡಲು ಸುಮಾರು ಎಪ್ಪತ್ತು ವರ್ಷಗಳು ಬೇಕಾದವು. ಬಿಡಿಸಿದವರು ನಮ್ಮ ದೇಶದ ಭೂಮಾಪನಕ್ಕೆ ಸೇರಿದವರೇ. ಭಾರತದ ಮಹಾ ತ್ರಿಕೋನಮಿತಿ ಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಅವರು ತಮ್ಮ ಮೊದಲ ಆಧಾರರೇಖೆಯನ್ನು 1800ರಲ್ಲಿ ಬೆಂಗಳೂರಿನ ಬಳಿ ಅಳೆದಿದ್ದರು. ಅವರ ಸಹಾಯಕರಾಗಿದ್ದ ಜಾರ್ಜ್ ಎವರೆಸ್ಟ್ ಅವರು ಆರೋಗ್ಯ ಸುಧಾರಣೆಗಾಗಿ 1820ರಲ್ಲಿ ಕೇಪ್‌ಟೌನಿಗೆ ಹೋಗಿದ್ದಾಗ, ಲಕಾಯ್ ಅವರು ಅಳೆದ ಜಾಗಗಳನ್ನು ಕಣ್ಣಾರೆ ನೋಡಿದರು. ಗೌಂಡಿ ಕೆಲಸ ಮಾಡುವ ನಮ್ಮ ಪಾಲಕರಿಗೆಲ್ಲ ಓಳಂಬ ಗೊತ್ತು. ದಾರಕ್ಕೆ ಕಟ್ಟಿದ ಗುಂಡು ನೇರ ಕೆಳಕ್ಕೆ ತೂಗುತ್ತದೆಂದು ನಂಬಿ ಗೋಡೆ ಏರಿಸುತ್ತಾರೆ. ಲಕಾಯ್ ಅವರ ಕೋನಮಾಪಕವೂ ಓಳಂಬವನ್ನೇ ನಂಬಿತ್ತು. ಆದರೆ ಅವರ ಅಳತೆಯ ಎರಡೂ ತುದಿಗಳಲ್ಲಿ ದೊಡ್ಡ ಬೆಟ್ಟಗಳಿದ್ದವು. ಬೆಟ್ಟದ ಗುರುತ್ವಾಕರ್ಷಣೆಯು ಓಳಂಬದ ಗುಂಡನ್ನು ಕೂದಲೆಳೆಯಷ್ಟು ತನ್ನ ಕಡೆಗೆ ಎಳೆದುಕೊಂಡಿತ್ತು ಎಂದು ಎವರೆಸ್ಟ್ ಅವರು ಸೂಚಿಸಿದರು. 1841ರಿಂದ 1848ರವರೆಗೆ ಥಾಮಸ್ ಮೆಕ್ಲಿಯರ್ ಅವರು ಅದೇ ಪ್ರದೇಶವನ್ನು ಮತ್ತೆ ವಿಸ್ತಾರವಾಗಿ ಅಳೆದು ಅದನ್ನು ಸ್ಥಿರಪಡಿಸಿದರು. ಲಕಾಯ್ ಅವರು ತಮ್ಮ ಅಂಕಿಗಳನ್ನು ಅಂದಿನ ನಂಬಿಕೆಗೆ ತಕ್ಕಂತೆ ತಿದ್ದಿಬಿಟ್ಟಿದ್ದರೆ ಈ ಸತ್ಯ ಅಲ್ಲಿ ಹೂತುಹೋಗುತ್ತಿತ್ತು.

1753ರ ಮಾರ್ಚಿನಲ್ಲಿ ಭೂಶಿರವನ್ನು ಬಿಟ್ಟು, ಮಾರಿಷಸ್ ದ್ವೀಪಕ್ಕೆ ಹೋಗಿ ಅದರ ನಕಾಶೆಯನ್ನು ತಯಾರಿಸಿ, 1754ರ ಜೂನ್ ತಿಂಗಳಲ್ಲಿ ಅವರು ಪ್ಯಾರಿಸಿಗೆ ಮರಳಿದರು. ಉಪಕರಣಗಳೂ ಸೇರಿ ಒಟ್ಟು ಖರ್ಚು 9,144 ಲೀವ್ರ್ 5 ಸೂ ಎಂದು, ನಮ್ಮಲ್ಲಿ ರೂಪಾಯಿ ಆಣೆ ಲೆಕ್ಕ ಒಪ್ಪಿಸುವಂತೆ, ಚಿಲ್ಲರೆಯನ್ನೂ ಬಿಡದೆ ಒಪ್ಪಿಸಿದರು. ಊರಿನಲ್ಲಿ ಸನ್ಮಾನಗಳು ಕಾದಿದ್ದವು. ಅವುಗಳಿಂದ ದೂರ ಸರಿದು ಮತ್ತೆ ಕಾಲೇಜಿನ ಪಾಠಕ್ಕೂ ಲೆಕ್ಕಾಚಾರಕ್ಕೂ ಕುಳಿತರು.

ಹೆಸರಿಟ್ಟ ಬಗೆ

ಹೊಸ ನಕ್ಷತ್ರಪುಂಜಗಳಿಗೆ ಹೆಸರಿಡುವ ಅವಕಾಶ ಅವರಿಗೆ ದೊರೆಯಿತು. ಅಂದಿನ ಪದ್ಧತಿಯಂತೆ ರಾಜರ, ಆಶ್ರಯದಾತರ ಹೆಸರಿಟ್ಟು ಲಾಭ ಪಡೆಯಬಹುದಿತ್ತು. ಲಕಾಯ್ ಅವರು ರಚಿಸಿದ 14 ಪುಂಜಗಳಲ್ಲಿ ಹದಿಮೂರಕ್ಕೆ ಕಲೆ ಮತ್ತು ವಿಜ್ಞಾನದ ಉಪಕರಣಗಳ ಹೆಸರನ್ನಿಟ್ಟರು. ದೂರದರ್ಶಕ, ಸೂಕ್ಷ್ಮದರ್ಶಕ, ಗಡಿಯಾರ, ಕೈವಾರ, ದಿಕ್ಸೂಚಿ, ಕುಲುಮೆ, ಶಿಲ್ಪಿಯ ಕೆಲಸದ ಕೋಣೆ, ಚಿತ್ರಗಾರನ ಹಲಗೆ, ಕೊರೆಯುವ ಉಳಿ, ಗಾಳಿಯ ಪಂಪು ಹೀಗೆ. ತಮ್ಮ ನಳಿಗೆಯೊಳಗಿನ ಆ ವಜ್ರಾಕಾರದ ಚೌಕಟ್ಟಿಗೂ ಒಂದು ಪುಂಜವನ್ನು ಮೀಸಲಿಟ್ಟರು. ದುಡಿಯುವವರ ಕೈಯ ಸಾಮಾನುಗಳು ಹೀಗೆ ಆಕಾಶಕ್ಕೆ ಏರಿದವು. ಹದಿನಾಲ್ಕನೆಯ ಹೆಸರು ಮಾತ್ರ ಒಂದು ಬೆಟ್ಟದ್ದು. ಕೇಪ್‌ಟೌನಿನ ಬೆನ್ನಿಗೆ ಮೇಜಿನಂತೆ ಚಪ್ಪಟೆಯಾಗಿ ನಿಂತ ಟೇಬಲ್ ಮೌಂಟನ್ ತಾವು ದುಡಿದ ವರ್ಷವೆಲ್ಲ ಕಣ್ಣೆದುರಿಗಿದ್ದುದರಿಂದ, ಅದಕ್ಕೆ ಕೃತಜ್ಞತೆಯಾಗಿ. ಈ ಹದಿನಾಲ್ಕೂ ಹೆಸರುಗಳು ಇಂದಿಗೂ ಅಂತಾರಾಷ್ಟ್ರೀಯ ಪಟ್ಟಿಯಲ್ಲಿವೆ. ನಮ್ಮ ಹಿರಿಯರು ಅಗಸ್ತ್ಯ ಎಂದು ಪೂಜ್ಯ ಭಾವದಿಂದ ನೋಡಿದ ನಕ್ಷತ್ರವಿರುವ ಬೃಹತ್ತಾದ ನೌಕೆಯ ಪುಂಜವನ್ನು ಮೂರು ಭಾಗ ಮಾಡಿ ಸರಳಗೊಳಿಸಿದವರೂ ಅವರೇ.

ಅತಿಯಾದ ದುಡಿಮೆ ದೇಹವನ್ನು ತಿಂದಿತು. ಚಳಿಯ ರಾತ್ರಿಗಳ ಜಾಗರಣೆ, ಸಂಧಿವಾತ, ಎಡೆಬಿಡದ ಲೆಕ್ಕ. 1762ರ ಮಾರ್ಚ್ 21ರಂದು, ಐವತ್ತು ತುಂಬುವ ಮೊದಲೇ, ಲಕಾಯ್ ಅವರು ಪ್ಯಾರಿಸಿನಲ್ಲಿ ನಿಧನರಾದರು. ದಕ್ಷಿಣದ ಆಕಾಶದ ಅವರ ಗ್ರಂಥವನ್ನು ಮಿತ್ರರಾದ ಮರಾಲ್ದಿಯವರು ಮರುವರ್ಷ ಅಚ್ಚಿಗೆ ಕೊಟ್ಟರು. ಅದರಲ್ಲಿ ಸ್ಥಾನಗಳನ್ನು ಪೂರ್ತಿಯಾಗಿ ಲೆಕ್ಕ ಮಾಡಿದ್ದ ನಕ್ಷತ್ರಗಳು 1,942 ಮಾತ್ರ. ಉಳಿದವುಗಳ ಲೆಕ್ಕವನ್ನು ಮುಗಿಸಿ ಇಂಗ್ಲೆಂಡಿನ ವಿದ್ವಾಂಸರು ಸಂಪೂರ್ಣ ಪಟ್ಟಿಯನ್ನು ಹೊರತಂದದ್ದು 1847ರಲ್ಲಿ.

ಆ ಮಸುಕಿನ ಅರ್ಥ

ಈಗ ಫೆಬ್ರುವರಿ 23ರ ಆ ಮಸುಕಿನ ವಿಷಯಕ್ಕೆ ಬರೋಣ. 1781ರಲ್ಲಿ ಪ್ಯಾರಿಸಿನ ಶಾರ್ಲ್ ಮೆಸ್ಸಿಯೇ ಅವರು ಅದನ್ನು ಬಹು ಪ್ರಯಾಸದಿಂದ ನೋಡಿ, ತಮ್ಮ ಪ್ರಸಿದ್ಧ ಪಟ್ಟಿಯಲ್ಲಿ 83ನೆಯದಾಗಿ ಸೇರಿಸಿದರು. ಅಂದಿನಿಂದ ಜಗತ್ತು ಅದನ್ನು ಮೆಸ್ಸಿಯೇ 83 ಎಂದು ಕರೆಯುತ್ತದೆ. ಮೊದಲು ಕಂಡವರ ಹೆಸರು ಅದರ ಮೇಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ದೂರದರ್ಶಕಗಳು ಬಂದ ಮೇಲೆ ಅದರಲ್ಲಿ ಸುರುಳಿಯಾಕಾರದ ಬಾಹುಗಳು ಕಂಡವು. ಇಂಥ ಸುರುಳಿಗಳು ನಮ್ಮ ಆಕಾಶಗಂಗೆಯ ಒಳಗಿನವಲ್ಲ, ಅದರಾಚೆ ಕೋಟ್ಯಂತರ ಸೂರ್ಯರಿಂದ ಕೂಡಿದ ಬೇರೆಯೇ ಲೋಕಗಳು, ಎಂಬುದನ್ನು ಅಮೆರಿಕದ ಎಡ್ವಿನ್ ಹಬಲ್ ಅವರು 1924ರ ಸುಮಾರಿಗೆ ಸಿದ್ಧಪಡಿಸಿದರು. ಅಂಥ ನಕ್ಷತ್ರಲೋಕಗಳಿಗೆ ಗೆಲಾಕ್ಸಿ ಎಂದು ಹೆಸರು. ನಮ್ಮ ಆಕಾಶಗಂಗೆ ಮತ್ತು ಅದರ ನೆರೆಹೊರೆಯ ಗೆಲಾಕ್ಸಿಗಳ ಗುಂಪಿನಾಚೆಗೆ ಮನುಷ್ಯನು ಕಂಡು ದಾಖಲಿಸಿದ ಮೊಟ್ಟಮೊದಲ ಗೆಲಾಕ್ಸಿ ಲಕಾಯ್ ಅವರ ಆ ಮಸುಕು. ಅದರ ಅರ್ಥ ತಿಳಿಯಲು 170 ವರ್ಷಗಳು ಹಿಡಿದವು.

ಅದು ನಮ್ಮಿಂದ ಸುಮಾರು ಒಂದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಭೂಶಿರದ ಹಿತ್ತಲಿನಲ್ಲಿ ಆ ಅರ್ಧ ಅಂಗುಲದ ಗಾಜನ್ನು ಹೊಕ್ಕ ಬೆಳಕು ಮನುಷ್ಯಕುಲ ಹುಟ್ಟುವುದಕ್ಕಿಂತ ಬಹಳ ಹಿಂದೆಯೇ ಹೊರಟಿತ್ತು. ಬೋಡಗೇಶ್ವರನ ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಕಾಗದದ ಗಿರಿಗಿಟ್ಲೆಯಂತೆ ಅದರ ಬಾಹುಗಳು ಬಾಗಿವೆ. ದಕ್ಷಿಣದ ಗಿರಿಗಿಟ್ಲೆ ಎಂಬ ಅಡ್ಡಹೆಸರೂ ಅದಕ್ಕಿದೆ. ಅದರ ನಡುವೆ ನಕ್ಷತ್ರಗಳು ದಂಡದಂತೆ ನೇರವಾಗಿ ಸಾಲುಗಟ್ಟಿವೆ. ಆದ್ದರಿಂದ ಅದು ದಂಡವುಳ್ಳ ಸುರುಳಿ ಗೆಲಾಕ್ಸಿ. ಈ ದಂಡದ ಉದ್ದಕ್ಕೂ ಅನಿಲವು ಕಾಲುವೆಯ ನೀರಿನಂತೆ ಕೇಂದ್ರದ ಕಡೆಗೆ ಹರಿದು ಒತ್ತೊತ್ತಾಗಿ ಸೇರುತ್ತದೆ. ಒತ್ತಾದ ಅನಿಲ ತನ್ನದೇ ಆಕರ್ಷಣೆಯಿಂದ ಕುಸಿದು ಹೊಸ ನಕ್ಷತ್ರಗಳಾಗುತ್ತದೆ. ಬಾಹುಗಳಲ್ಲಿಯೂ ಹೊಸ ನಕ್ಷತ್ರಗಳ ನೀಲಿ ಗುಂಪುಗಳು, ಅವುಗಳ ಅತಿನೇರಳೆ ಕಿರಣಗಳಿಂದ ಬೆಳಗುವ ಗುಲಾಬಿ ಬಣ್ಣದ ಜಲಜನಕದ ಮೋಡಗಳು ತುಂಬಿವೆ. ನಮ್ಮ ಆಕಾಶಗಂಗೆಗಿಂತ ಗಾತ್ರದಲ್ಲಿ ಚಿಕ್ಕದಾದರೂ ನಕ್ಷತ್ರಗಳನ್ನು ಹೆರುವುದರಲ್ಲಿ ಅದು ಇದನ್ನು ಮೀರಿಸುತ್ತದೆ. 2005ರಲ್ಲಿ ಗೆಲೆಕ್ಸ್ ಎಂಬ ಅತಿನೇರಳೆ ಬೆಳಕಿನ ಉಪಗ್ರಹವು ಅದರ ಅಂಚಿನಾಚೆ, ಬರಿದೆಂದು ತಿಳಿದಿದ್ದ ದೂರದಲ್ಲಿಯೂ ಎಳೆಯ ನಕ್ಷತ್ರಗಳನ್ನು ತೋರಿಸಿತು. ಎಳೆಯ ನಕ್ಷತ್ರಗಳು ಹೆಚ್ಚಾಗಿ ಸೂಸುವ ಈ ಅತಿನೇರಳೆ ಬೆಳಕನ್ನು ಹಿಡಿಯಬಲ್ಲ ದೂರದರ್ಶಕವೊಂದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ನೇತೃತ್ವದಲ್ಲಿ ರೂಪಿಸಿ, 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಕಳುಹಿಸಲಾಯಿತೆಂಬುದು ಕನ್ನಡ ನಾಡಿನವರಾದ ನಮಗೆ ಅಭಿಮಾನದ ಸಂಗತಿ.

ಬಹಳ ಹುಟ್ಟುವ ಕಡೆ ಸಾವೂ ಬಹಳ. ಭಾರೀ ನಕ್ಷತ್ರಗಳು ಬೇಗನೆ ಉರಿದು ಸ್ಫೋಟಗೊಂಡು ಸೂಪರ್‌ನೋವಾ ಆಗುತ್ತವೆ. 1923ರಿಂದ 1983ರವರೆಗಿನ ಅರವತ್ತು ವರ್ಷಗಳಲ್ಲಿ ಆ ಒಂದೇ ಗೆಲಾಕ್ಸಿಯಲ್ಲಿ ಆರು ಸ್ಫೋಟಗಳು ಕಾಣಿಸಿದವು. 1968ರದನ್ನು ಕಂಡವರು ದಕ್ಷಿಣ ಆಫ್ರಿಕದ ಹವ್ಯಾಸಿ ವೀಕ್ಷಕರಾದ ಜ್ಯಾಕ್ ಬೆನೆಟ್ ಅವರು. 1983ರದನ್ನು ಕಂಡವರು ಆಸ್ಟ್ರೇಲಿಯದ ಚರ್ಚೊಂದರ ಧರ್ಮಬೋಧಕರಾದ ರಾಬರ್ಟ್ ಇವಾನ್ಸ್ ಅವರು. ಇಬ್ಬರೂ ಸಣ್ಣ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದವರು. ಇಬ್ಬರೂ ಪ್ರತಿ ರಾತ್ರಿ ಕ್ರಮ ತಪ್ಪದೆ ನೋಡಿದವರು.

ಪ್ಯಾರಿಸಿನಿಂದ ನೋಡಿದರೆ ಈ ಗೆಲಾಕ್ಸಿಯು ಕ್ಷಿತಿಜದಿಂದ ಹನ್ನೊಂದು ಡಿಗ್ರಿಗಿಂತ ಮೇಲೇರುವುದಿಲ್ಲ. ನಮ್ಮ ಮ್ಹಾಪಸೆಯಿಂದ ನೋಡಿದರೆ ನಾಲ್ವತ್ತನಾಲ್ಕು ಡಿಗ್ರಿ ಎತ್ತರಕ್ಕೆ, ಅಂದರೆ ಅರ್ಧ ಆಕಾಶಕ್ಕೆ ಏರುತ್ತದೆ. ಮೇ ತಿಂಗಳಲ್ಲಿ ಚಂದ್ರನಿಲ್ಲದ ರಾತ್ರಿ ಹತ್ತು, ಹನ್ನೊಂದು ಗಂಟೆಯ ಹೊತ್ತಿಗೆ ಪೇಟೆಯ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ಮುಖ ಮಾಡಿರಿ. ಎತ್ತರದಲ್ಲಿ ಹೊಳೆಯುವ ಚಿತ್ತಾ ನಕ್ಷತ್ರದಿಂದ ನೇರ ಕೆಳಕ್ಕೆ, ಕೈಯನ್ನು ಪೂರ್ತಿ ಚಾಚಿ ಹಿಡಿದ ಒಂದು ಗೇಣಿನ ಅಂತರದಲ್ಲಿ ಬೈನಾಕ್ಯುಲರಿನಿಂದ ಹುಡುಕಿರಿ. ಬರಿಗಣ್ಣಿಗೆ ಕಾಣದ ಸಣ್ಣ ಮಸುಕು ಕಾಣಿಸುತ್ತದೆ. ಲಕಾಯ್ ಅವರಿಗೆ ಕಂಡದ್ದಕ್ಕಿಂತ ಅದು ಸ್ಪಷ್ಟವಾಗಿಯೇ ಇರುತ್ತದೆ.

ನಮ್ಮ ಶಾಲೆಯ ಕಪಾಟಿನಲ್ಲಿ ಐವತ್ತು ವರ್ಷಗಳ ಹಾಜರಿ ಪುಸ್ತಕಗಳಿವೆ. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗಾಗಿ ಬಂದ ತಾಯಿತಂದೆಯರ ಮಕ್ಕಳ ಹೆಸರುಗಳು ಅವುಗಳಲ್ಲಿವೆ. ಎಷ್ಟೋ ಹೆಸರುಗಳು ಜೂನಿನಲ್ಲಿ ಆರಂಭವಾಗಿ ನವೆಂಬರಿಗೆ ನಿಂತುಹೋಗಿವೆ. ಕಟ್ಟಡದ ಕೆಲಸ ಮುಗಿಯಿತು, ತಂದೆ ಬೇರೆ ಊರಿಗೆ ಹೋದರು, ಮಗುವೂ ಹೋಯಿತು. ಕೆಂಪು ಗೆರೆ ಎಳೆದು ಆ ಹೆಸರನ್ನು ತೆಗೆಯುವಾಗ ಪ್ರತಿ ಬಾರಿಯೂ ಕೈ ತಡೆಯುತ್ತಿತ್ತು. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ, ಹೀಗೆ ಬಂದುಹೋಗುವ ಮಕ್ಕಳಿಗಾಗಿ ಪರರಾಜ್ಯದಲ್ಲಿ ಕನ್ನಡ ಶಾಲೆಯೊಂದನ್ನು ನಡೆಸುವುದರಿಂದ ಏನು ಫಲ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಲಕಾಯ್ ಅವರ ಜೀವನವನ್ನು ಓದಿದ ಮೇಲೆ ನನಗೆ ಹೊಳೆದ ಉತ್ತರ ಇಷ್ಟೇ. ಫಲವನ್ನು ಬರೆದಿಡುವುದು ಹಾಜರಿ ಬರೆಯುವವನ ಕೆಲಸವಲ್ಲ. ಒಂದು ಮಸುಕನ್ನೂ ಬಿಡದೆ, ಅದು ಇದ್ದ ಜಾಗದಲ್ಲಿ ಸರಿಯಾಗಿ ಬರೆದಿಟ್ಟರೆ, ಅದರೊಳಗೆ ಕೋಟಿ ಸೂರ್ಯರು ಇದ್ದಾರೆಂಬುದನ್ನು ಮುಂದಿನವರು ಯಾರಾದರೂ ಕಾಣುತ್ತಾರೆ.

ಹಾಜರಿ ಪುಸ್ತಕದಲ್ಲಿ ಅರ್ಧಕ್ಕೆ ಹೆಸರು ನಿಂತ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಸಂಚಿಕೆಯನ್ನು ಓದುತ್ತಿದ್ದರೆ, ಅವರೂ ಈ ಶಾಲೆಯ ವಿದ್ಯಾರ್ಥಿಗಳೇ ಎಂದು ತಿಳಿಯಬೇಕು. ಮಹೋತ್ಸವಕ್ಕೆ ಕುಟುಂಬ ಸಮೇತ ಬರಬೇಕು. ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸಿ ವಿರಮಿಸುತ್ತೇನೆ.